ಕೊಡವಿದರೂ ಉದುರದ ಮಣ್ಣು

(ಹಾಸನದಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಬೆಳಗ್ಗೆ ಇಲ್ಲಿಗೆ ಬರುವ ದಾರಿಯಲ್ಲಿ, ಊರಾಚೆಯ ಹೊಲವೊಂದರಲ್ಲಿ ಕಳೆ ಕೀಳುತ್ತಿದ್ದವರನ್ನು ಕೇಳಿ, ಪುನರ್ವಸು ಮಳೆಯಲ್ಲಿ ಬಿತ್ತಿದ ಒಂದು ರಾಗಿ ಪೈರನ್ನು ಬುಡದ ಮಣ್ಣಿನ ಸಮೇತ ಎತ್ತಿಕೊಂಡು ಬಂದಿದ್ದೇನೆ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದೆ. ಅದರ ಮೇಲೆ ಈ ಪೈರನ್ನು ಒಮ್ಮೆ ಕೊಡವುತ್ತೇನೆ. ಮುಕ್ಕಾಲು ಪಾಲು ಮಣ್ಣು ಉದುರಿತು. ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಕೊಡವುತ್ತೇನೆ. ಮತ್ತಷ್ಟು ಬಿತ್ತು. ಈಗ ಬೇರಿನ ಮೈಗೆ ತೆಳ್ಳನೆಯ ಒರೆ ತೊಡಿಸಿದಂತೆ ಒಂದಿಷ್ಟು ಕೆಂಪು ಮಣ್ಣು ಉಳಿದುಕೊಂಡಿದೆ. ಅದು ಎಷ್ಟು ಕೊಡವಿದರೂ ಬೀಳುತ್ತಿಲ್ಲ. ಬೇರಿನ ತುದಿಯನ್ನು ಮಾತ್ರ ಗಮನಿಸಿ. ಅಲ್ಲಿ ಕೆಲವು ಮಿಲಿಮೀಟರಿನಷ್ಟು ಉದ್ದ ಮಣ್ಣಿನ ಸೋಂಕಿಲ್ಲದೆ ಬೆಳ್ಳಗೆ ಕಾಣುತ್ತದೆ. ಇಂದಿನ ನನ್ನ ಮಾತೆಲ್ಲ ಉದುರದೆ ಉಳಿದ ಆ ಮಣ್ಣಿನ ಬಗ್ಗೆ, ಅದರೊಳಗೆ ಬೇರಿಗೆ ಕಚ್ಚಿಕೊಂಡು ಕುಳಿತ ಜೀವಿಗಳ ಬಗ್ಗೆ.

ಈ ಮಣ್ಣನ್ನು ಹಿಡಿದಿಟ್ಟಿರುವುದು ಮೂರು ಸಂಗತಿಗಳು. ಬೇರಿನ ರೋಮಗಳು ಮಣ್ಣಿನ ಕಣಗಳ ನಡುವೆ ಹೆಣೆದುಕೊಂಡಿವೆ. ತುದಿಯಲ್ಲಿ ರೋಮ ಇನ್ನೂ ಮೂಡಿಲ್ಲ, ಆದ್ದರಿಂದಲೇ ಅಲ್ಲಿ ಮಣ್ಣೂ ನಿಂತಿಲ್ಲ. ಎರಡನೆಯದು ಬೇರು ತಾನೇ ಒಸರುವ ಲೋಳೆ. ಮೂರನೆಯದು ಬೇರಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ತಯಾರಿಸುವ ಅಂಟು. ಬೇರಿನ ಪ್ರಭಾವ ತಲುಪುವ ಈ ಮಣ್ಣಿನ ಪದರಕ್ಕೆ ಜರ್ಮನಿಯ ಲೊರೆಂಜ್ ಹಿಲ್ಟ್ನರ್ 1904ರಲ್ಲಿ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ನಾವು ಬೇರುವಲಯ ಎಂದು ಕರೆಯೋಣ. ಪತ್ರಿಕೆಯ ಮೇಲೆ ಬಿದ್ದ ಮಣ್ಣಿಗೂ ಬೇರಿಗೆ ಅಂಟಿದ ಮಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ, ಆದರೆ ಒಂದೊಂದು ಚಿಟಿಕೆ ತೆಗೆದು ಎಣಿಸಿದರೆ ಅಂಟಿದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಹಲವು ಪಟ್ಟು ಹೆಚ್ಚಾಗಿರುತ್ತವೆ.

ಗಾತ್ರದ ಅಂದಾಜು ಮೊದಲೇ ಸಿಕ್ಕಿದರೆ ಮುಂದಿನ ಮಾತು ಸಲೀಸಾಗುತ್ತದೆ. ನಾವು ನೋಡಲಿರುವ ಬ್ಯಾಕ್ಟೀರಿಯಾದ ಉದ್ದ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗ ಮಾತ್ರ. ಅದನ್ನು ಹಿಗ್ಗಿಸಿ ಒಂದು ರಾಗಿ ಕಾಳಿನಷ್ಟು ಮಾಡಿದೆವೆಂದು ಊಹಿಸಿ. ಅದೇ ಲೆಕ್ಕದಲ್ಲಿ ಬೇರಿನ ರೋಮ ಕಿರುಬೆರಳಿಗಿಂತ ತುಸು ತೆಳ್ಳಗಿನ ಹಗ್ಗವಾಗುತ್ತದೆ, ಅರ್ಧ ಮಿಲಿಮೀಟರ್ ದಪ್ಪದ ಬೇರು ತೆಂಗಿನ ಮರದ ಕಾಂಡದಷ್ಟಾಗುತ್ತದೆ. ತೆಂಗಿನ ಕಾಂಡದ ಮೇಲೆ ಅಲ್ಲೊಂದು ಇಲ್ಲೊಂದು ಅಂಟಿದ ರಾಗಿ ಕಾಳುಗಳು, ಸುತ್ತ ಬಂಡೆಗಳಂಥ ಮರಳಿನ ಕಣಗಳು, ನಡುವೆ ಮಳೆ ಬಂದಾಗಲೆಲ್ಲ ಹರಿದು ಇಳಿಯುವ ನೀರು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕಾಳೊಂದು ಕೊಚ್ಚಿಹೋಗದೆ ಕಾಂಡದ ಮೇಲೆ ಉಳಿಯುವುದು ಎಷ್ಟು ಕಷ್ಟದ ಕೆಲಸ ಎಂಬುದು ಗೊತ್ತಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಎಷ್ಟೇ ವಿದ್ಯೆ ಗೊತ್ತಿದ್ದರೂ, ಅದು ಬೇರಿನ ಮೇಲೆ ನಿಲ್ಲದಿದ್ದರೆ ಆ ವಿದ್ಯೆಯಿಂದ ಪೈರಿಗೆ ದಕ್ಕುವುದು ಅತ್ಯಲ್ಪ.

ನಿಮ್ಮಲ್ಲಿ ಅನೇಕರು ಅಜೋಸ್ಪಿರಿಲಂ ಎಂಬ ಹೆಸರನ್ನು ಗೊಬ್ಬರದ ಅಂಗಡಿಯ ಪೊಟ್ಟಣದ ಮೇಲೆ ಓದಿರುತ್ತೀರಿ. ಗಾಳಿಯ ಸಾರಜನಕವನ್ನು ಹಿಡಿಯಬಲ್ಲ ಈ ಸುರುಳಿ ಮೈಯ ಜೀವಿಯನ್ನು ಹಾಲೆಂಡಿನ ಮಾರ್ಟಿನಸ್ ಬೈಯರಿಂಕ್ 1920ರ ದಶಕದಲ್ಲಿಯೇ ವಿವರಿಸಿದ್ದರು. ಅದಾದ ಮೇಲೆ ಅರ್ಧ ಶತಮಾನದ ಕಾಲ ಅದರ ಕಡೆ ಹೆಚ್ಚಿನವರು ತಿರುಗಿ ನೋಡಲಿಲ್ಲ. ಅದನ್ನು ಮತ್ತೆ ಬೆಳಕಿಗೆ ತಂದವರು ಯೊಹಾನಾ ಡೋಬರೈನರ್. ಇಂದಿನ ಚೆಕ್ ಗಣರಾಜ್ಯಕ್ಕೆ ಸೇರಿದ ಊರೊಂದರಲ್ಲಿ 1924ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ನಂತರ ಬ್ರೆಜಿಲಿಗೆ ಹೋಗಿ ನೆಲೆಸಿದ ಈ ಮಹಿಳೆ, 1970ರ ದಶಕದಲ್ಲಿ ಹುಲ್ಲು ಮತ್ತು ಧಾನ್ಯಗಳ ಬೇರಿನಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. 1978ರಲ್ಲಿ ಅದಕ್ಕೆ ಅಜೋಸ್ಪಿರಿಲಂ ಎಂಬ ಹೆಸರು ಬಂದಿತು. ಅವರ ಯಶಸ್ಸಿನ ಗುಟ್ಟು ಬಹಳ ಸರಳವಾದದ್ದು, ನಮ್ಮ ಅಡುಗೆಮನೆಗೆ ಹತ್ತಿರವಾದದ್ದು ಎಂದೇ ಹೇಳಬಹುದು. ಉಳಿದವರು ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಗಟ್ಟಿ ಮಾಡಿದ ಆಹಾರದ ಮೇಲೆ, ಬಯಲು ಗಾಳಿಯಲ್ಲಿ ಬೆಳೆಸಲು ನೋಡುತ್ತಿದ್ದರು. ಇವರು ಸಣ್ಣ ಸೀಸೆಯಲ್ಲಿ ಅತ್ತ ಗಟ್ಟಿಯೂ ಅಲ್ಲದ, ಇತ್ತ ನೀರೂ ಅಲ್ಲದ, ಅಂಬಲಿಯ ಹದದ ಆಹಾರವನ್ನಿಟ್ಟರು. ಅದರೊಳಗೆ ಬ್ಯಾಕ್ಟೀರಿಯಾಗಳು ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ, ಆಮ್ಲಜನಕ ತಮಗೆ ಬೇಕಾದಷ್ಟೇ ಸಿಗುವ ಆಳದಲ್ಲಿ, ಹಾಲಿನ ಕೆನೆಯಂತೆ ಒಂದು ಪರದೆ ಕಟ್ಟಿದವು. ತನಗೆ ಹಿತವಾದ ಜಾಗ ಯಾವುದೆಂದು ಆ ಜೀವಿಯೇ ಈಜಿ ಹೋಗಿ ತೋರಿಸಿಕೊಟ್ಟಿತು. ಈ ಸಂಗತಿಯನ್ನು ನೆನಪಿಡಿ. ಬೇರಿನ ಮೇಲೆ ಅದು ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆ ಬಂದಾಗ ಮತ್ತೆ ಬೇಕಾಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ತಿಳಿಮಾಡಬೇಕು. ನಮ್ಮ ಹೊಲಗಳಲ್ಲಿ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಇರುತ್ತದೆ. ಅವರೆ ಗಿಡವನ್ನು ಕಿತ್ತರೆ ಬೇರಿನಲ್ಲಿ ಗಂಟುಗಳು ಕಣ್ಣಿಗೆ ಕಾಣುತ್ತವೆ. ಆ ಗಂಟಿನೊಳಗಿರುವ ರೈಜೋಬಿಯಂ ಬೇರುರೋಮದ ತುದಿಗೆ ಅಂಟಿ, ರೋಮವನ್ನೇ ಬಾಗಿಸಿ, ಒಳಗೆ ದಾರಿ ಮಾಡಿಕೊಂಡು ಹೋಗುತ್ತದೆ. ಗಿಡ ಅದಕ್ಕೆಂದೇ ಕೋಣೆ ಕಟ್ಟಿಕೊಡುತ್ತದೆ. ಪಕ್ಕದ ಸಾಲಿನ ರಾಗಿ ಹಾಗೆ ಮಾಡುವುದಿಲ್ಲ. ರಾಗಿ, ಭತ್ತ, ಜೋಳ, ಮೆಕ್ಕೆಜೋಳ, ಗೋಧಿ, ಇವು ಯಾವುವೂ ಬ್ಯಾಕ್ಟೀರಿಯಾಕ್ಕೆ ಮನೆ ಕಟ್ಟಿಕೊಡುವ ಜಾತಿಯವಲ್ಲ. ಜಗಲಿಯ ಮೇಲೆ ಕೂರಲು ಅಡ್ಡಿಯಿಲ್ಲ, ಒಂದು ತುತ್ತು ಅನ್ನಕ್ಕೂ ಮೋಸವಿಲ್ಲ, ಆದರೆ ಮಳೆಗಾಳಿಯಲ್ಲಿ ಹಾರಿಹೋಗದಂತೆ ನೋಡಿಕೊಳ್ಳುವುದು ಬಂದವನದೇ ಹೊಣೆ. ಹಾಗಾಗಿ ಧಾನ್ಯದ ಬೆಳೆಗಳಲ್ಲಿ ಅಂಟಿಕೊಳ್ಳುವ ಕೌಶಲಕ್ಕೆ ಎರಡರಷ್ಟು ಬೆಲೆ.

ಇನ್ನು ಅದು ಬೇರಿನವರೆಗೆ ಬರುವ ಬಗೆ. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲು ಬೇರಿನ ಮೂಲಕ ಮಣ್ಣಿಗೆ ಒಸರುತ್ತದೆ. ಅದರಲ್ಲಿ ಸಕ್ಕರೆಗಳು, ಅಮೈನೋ ಆಮ್ಲಗಳು, ಮ್ಯಾಲಿಕ್ ಆಮ್ಲದಂಥ ಸಾವಯವ ಆಮ್ಲಗಳು ಇರುತ್ತವೆ. ಅಜೋಸ್ಪಿರಿಲಂಗೆ ಮ್ಯಾಲಿಕ್ ಆಮ್ಲ ಎಂದರೆ ಅಚ್ಚುಮೆಚ್ಚು. ಒಗ್ಗರಣೆಯ ವಾಸನೆ ಹಿಡಿದು ಅಡುಗೆಮನೆಗೆ ಬರುವವರ ಹಾಗೆ, ಈ ರಸ ಎತ್ತ ಕಡೆ ದಟ್ಟವಾಗಿದೆಯೋ ಅತ್ತ ಅದು ಈಜುತ್ತದೆ. ಈಜಲು ಅದರ ಮೈಯ ಒಂದು ತುದಿಯಲ್ಲಿ ಉದ್ದನೆಯ ಬಾಲವಿದೆ, ಪಠ್ಯಪುಸ್ತಕಗಳು ಇದನ್ನು ಕಶಾಂಗ ಎನ್ನುತ್ತವೆ. ಬಾಲವನ್ನು ಗಿರಗಿರನೆ ತಿರುಗಿಸುತ್ತ ಅದು ಸೆಕೆಂಡಿಗೆ ತನ್ನ ಮೈಯುದ್ದದ ಸುಮಾರು ಹತ್ತು ಪಟ್ಟು ದೂರ ಸಾಗಬಲ್ಲದು. ಕೇಳಲು ದೊಡ್ಡ ವೇಗ, ಆದರೆ ಈಜಬೇಕಾದರೆ ನೀರು ಬೇಕು. ಮಣ್ಣಿನ ಕಣಗಳ ಮೇಲಿನ ನೀರಿನ ಪೊರೆ ತೆಳ್ಳಗಾಗಿ ಕಡಿದುಹೋದರೆ ಬ್ಯಾಕ್ಟೀರಿಯಾ ಇದ್ದಲ್ಲೇ ಸಿಕ್ಕಿಬೀಳುತ್ತದೆ. ಸಕಲೇಶಪುರದ ಕಡೆಯ ಗದ್ದೆಯಲ್ಲಿ ನೀರೇ ನೀರು, ಅರಸೀಕೆರೆಯ ಹೊಲದಲ್ಲಿ ಎರಡು ಮಳೆಗಳ ನಡುವೆ ಹತ್ತು ಹದಿನೈದು ದಿನ ಒಣ ಬಿಸಿಲು. ಒಂದೇ ಜಿಲ್ಲೆಯ ಎರಡು ತುದಿಗಳಲ್ಲಿ ಒಂದೇ ಪೊಟ್ಟಣದ ಬ್ಯಾಕ್ಟೀರಿಯಾಕ್ಕೆ ಎರಡು ಬೇರೆ ಪ್ರಪಂಚಗಳು. ಮಣ್ಣಿನಲ್ಲಿ ಒಂದು ಗೇಣು ದೂರ ಎರಚಿದ್ದು ತಾನಾಗಿ ಈಜಿಕೊಂಡು ಬೇರಿಗೆ ಬರುತ್ತದೆಂದು ಕಾಯುವುದು ಒಣ ಹೊಲದಲ್ಲಿ ದುರಾಸೆ. ಬೀಜಕ್ಕೇ, ಇಲ್ಲವೆ ಸಸಿಯ ಬೇರಿಗೇ ಹಚ್ಚಬೇಕು ಎಂಬ ಸಲಹೆಯ ಹಿಂದಿರುವ ಕಾರಣ ಇದು.

ಈಗ ಅದು ಬೇರಿನ ಹತ್ತಿರ ಬಂದಿತು. ಮುಟ್ಟಲು ಹೋದರೆ ಒಂದು ತೊಡಕು. ಬೇರಿನ ಮೇಲ್ಮೈಗೂ ಬ್ಯಾಕ್ಟೀರಿಯಾದ ಮೇಲ್ಮೈಗೂ ಋಣ ವಿದ್ಯುದಂಶವಿದೆ. ಒಂದೇ ಬಗೆಯ ವಿದ್ಯುದಂಶಗಳು ಒಂದನ್ನೊಂದು ದೂಡುತ್ತವೆ. ಇಡೀ ದೇಹಕ್ಕೆ ದಾಟಲು ಕಷ್ಟವಾದ ಈ ಗಡಿಯನ್ನು ಕೂದಲಿಗಿಂತ ಎಷ್ಟೋ ತೆಳ್ಳಗಿರುವ ಬಾಲ ದಾಟಿಬಿಡುತ್ತದೆ. ಮಣ್ಣಿನ ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಇತ್ತೊಂದು ಕೈ ಅತ್ತೊಂದು ಕೈ ಚಾಚಿ ನಡುವೆ ಸೇತುವೆಯಂತೆ ನೆರವಾಗಬಲ್ಲದು. ಹೀಗೆ ಈಜಲು ಬಳಸಿದ ಬಾಲವೇ ಮೊದಲ ಹಿಡಿತಕ್ಕೂ ಒದಗುತ್ತದೆ. ಬೆಲ್ಜಿಯಂನ ಲೂವೆನ್‌ನ ವಿಜ್ಞಾನಿಗಳು ಗೋಧಿಯ ಬೇರಿನೊಂದಿಗೆ ನಡೆಸಿ 1991ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿವೆ. ಬ್ಯಾಕ್ಟೀರಿಯಾ ತುಂಬಿದ ನೀರಿನಲ್ಲಿ ಬೇರನ್ನು ಇಟ್ಟರೆ, ಸುಮಾರು ಎರಡು ಗಂಟೆಯೊಳಗೆ ಬೇರಿಗೆ ಎಷ್ಟು ಹತ್ತಬಹುದೋ ಅಷ್ಟು ಹತ್ತಿಬಿಡುತ್ತವೆ. ಆದರೆ ಆ ಹೊತ್ತಿನಲ್ಲಿ ಬೇರನ್ನು ನೀರಿನಲ್ಲಿ ಜಾಲಾಡಿಸಿದರೆ ಸುಲಭವಾಗಿ ಬಿಟ್ಟುಹೋಗುತ್ತವೆ. ಬಾಲವೇ ಇಲ್ಲದ ರೂಪಾಂತರಿ ಬ್ಯಾಕ್ಟೀರಿಯಾಗಳನ್ನು ಬಳಸಿದಾಗ ಈ ಮೊದಲ ಹಂತವೇ ಕುಸಿಯಿತು. ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತ ಪ್ರಯಾಣಿಕನ ಸ್ಥಿತಿ ಇದು: ಹಿಡಿತ ಇದೆ, ಆದರೆ ಡ್ರೈವರ್ ಬ್ರೇಕು ಹಾಕಿದರೆ ಏನಾಗುತ್ತದೆಂದು ಹೇಳಲಾಗದು.

ಎರಡನೆಯ ಹಂತ ನಿಧಾನವಾದದ್ದು. ಬೇರನ್ನು ಮುಟ್ಟಿದ ಬ್ಯಾಕ್ಟೀರಿಯಾ ತನ್ನ ಮೈಯಿಂದ ಸಕ್ಕರೆಯ ಸರಪಳಿಗಳನ್ನು, ಅಂದರೆ ಪಾಲಿಸ್ಯಾಕರೈಡುಗಳನ್ನು, ಹೊರಹಾಕಲು ತೊಡಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವು ಬ್ಯಾಕ್ಟೀರಿಯಾದಿಂದ ಬೇರಿಗೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಎಳೆದ ನೂಲಿನಂತೆ ಕಾಣುತ್ತವೆ. ಈ ಕಟ್ಟು ಬಿಗಿಯಾಗಲು ಎಂಟರಿಂದ ಹದಿನಾರು ಗಂಟೆ ಬೇಕು. ಆಮೇಲೆ ನೀರಿನಲ್ಲಿ ಎಷ್ಟು ಜಾಲಾಡಿಸಿದರೂ ಅದು ಬಿಡುವುದಿಲ್ಲ. ಈಗ ಅದು ಕಂಬಿ ಹಿಡಿದು ನಿಂತ ಪ್ರಯಾಣಿಕನಲ್ಲ, ಬಸ್ಸಿನ ಟಾಪಿನ ಮೇಲೆ ಹಗ್ಗದಿಂದ ಬಿಗಿದ ಮೂಟೆ. ಬ್ಯಾಕ್ಟೀರಿಯಾದ ಒಳಗೂ ಈ ಹೊತ್ತಿನಲ್ಲಿ ಒಂದು ತೀರ್ಮಾನ ನಡೆಯುತ್ತಿರುತ್ತದೆ. ಸೈಕ್ಲಿಕ್ ಡೈ-ಜಿಎಂಪಿ ಎಂಬ ಪುಟ್ಟ ಅಣುವಿನ ಪ್ರಮಾಣ ಏರಿದರೆ ಅನೇಕ ಬ್ಯಾಕ್ಟೀರಿಯಾಗಳು ಈಜುವುದನ್ನು ಬಿಟ್ಟು ಕೂರುವ ಕಡೆ ವಾಲುತ್ತವೆ. ಇಳಿದರೆ ಮತ್ತೆ ತಿರುಗಾಟ.

ಮೊದಲ ಹಂತವನ್ನು ನೀರು ಬಿಡಿಸಬಲ್ಲದು, ಎರಡನೆಯದನ್ನು ಬಿಡಿಸಲಾರದು. ನಡುವೆ ಇರುವುದು ಒಂದು ಹಗಲು ಅಥವಾ ಒಂದು ರಾತ್ರಿಯಷ್ಟು ಕಾಲ. ನನ್ನ ಅಭಿಪ್ರಾಯದಲ್ಲಿ, ಜೈವಿಕ ಗೊಬ್ಬರದ, ಅಂದರೆ ಪೊಟ್ಟಣದಲ್ಲಿ ಬರುವ ಜೀವಂತ ಬ್ಯಾಕ್ಟೀರಿಯಾಗಳ, ಬಳಕೆಯಲ್ಲಿ ರೈತನ ಕೈಯಲ್ಲಿರುವ ಕೆಲಸ ಬಹುಪಾಲು ಆ ಕಾಲಕ್ಕೆ ಸೇರಿದ್ದು. ಅದರ ವಿವರಕ್ಕೆ ಆಮೇಲೆ ಬರುತ್ತೇನೆ.

ಅಜೋಸ್ಪಿರಿಲಂ ಧಾನ್ಯದ ಬೇರನ್ನೇ ಗುರುತು ಹಿಡಿದು ಅಂಟಿಕೊಳ್ಳುತ್ತದೆಯೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ರೈಜೋಬಿಯಂ ವಿಷಯದಲ್ಲಿ ಗಿಡಕ್ಕೂ ಬ್ಯಾಕ್ಟೀರಿಯಾಕ್ಕೂ ನಡುವೆ ಬೀಗ ಮತ್ತು ಕೀಲಿಕೈಯಂಥ ಸಂಬಂಧವಿದೆ. ಇಲ್ಲಿ ಅಷ್ಟು ಕಟ್ಟುನಿಟ್ಟು ಇಲ್ಲ. ಪ್ರಯೋಗಶಾಲೆಯಲ್ಲಿ ಇದು ಗಾಜಿಗೂ ಅಂಟುತ್ತದೆ, ಮರಳಿನ ಕಣಕ್ಕೂ ಅಂಟುತ್ತದೆ. ಹಾಗೆಂದು ಬೇರಿನ ಉದ್ದಕ್ಕೂ ಸಮನಾಗಿ ಹರಡಿರುತ್ತದೆಂದೂ ತಿಳಿಯಬೇಡಿ. ಬೇರು ನೀಳವಾಗುವ ಭಾಗ, ರೋಮಗಳು ಮೂಡುವ ಭಾಗ, ಕವಲು ಬೇರು ಸಿಪ್ಪೆಯನ್ನು ಸೀಳಿಕೊಂಡು ಹೊರಬರುವ ಬಿರುಕು, ಇವು ಅದರ ಮೆಚ್ಚಿನ ತಾಣಗಳು, ಏಕೆಂದರೆ ರಸ ಹೆಚ್ಚು ಒಸರುವುದು ಅಲ್ಲಿಯೇ. ತಳಿಯಿಂದ ತಳಿಗೂ ಸ್ವಭಾವ ಬೇರೆ. ಬ್ರೆಜಿಲಿನಲ್ಲಿ ಬೇರ್ಪಡಿಸಿದ ಎಸ್‌ಪಿ7 ಎಂಬ ತಳಿ ಬಹುಮಟ್ಟಿಗೆ ಬೇರಿನ ಹೊರಮೈಯಲ್ಲೇ ಉಳಿದರೆ, ಗೋಧಿಯಿಂದ ಬಂದ ಎಸ್‌ಪಿ245 ಬೇರಿನ ಒಳಗೂ ನುಸುಳುತ್ತದೆ. ಎರಡರ ಜಾತಿಯ ಹೆಸರೂ ಬಹುಕಾಲ ಅಜೋಸ್ಪಿರಿಲಂ ಬ್ರೆಸಿಲೆನ್ಸ್ ಎಂದೇ ಇತ್ತು, 2020ರಲ್ಲಿ ಎಸ್‌ಪಿ245ಕ್ಕೆ ಅಜೋಸ್ಪಿರಿಲಂ ಬಾಲ್ಡಾನಿಯೋರಂ ಎಂಬ ಬೇರೆ ಹೆಸರು ಬಂದಿತು.

ಅಂಟಿಕೊಂಡ ಮೇಲೆ ಅದು ಏನು ಮಾಡುತ್ತದೆ? ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಸಾರಜನಕ ಸ್ಥಿರೀಕರಣ ಎಂದು ಬರೆದಿರುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಕಥೆಯೂ ಅಲ್ಲ. ಸಾರಜನಕವನ್ನು ಹಿಡಿಯುವ ನೈಟ್ರೋಜಿನೇಸ್ ಎಂಬ ಕಿಣ್ವ ಆಮ್ಲಜನಕ ತಗುಲಿದರೆ ಹಾಳಾಗುತ್ತದೆ. ಡೋಬರೈನರ್ ಅವರ ಸೀಸೆಯಲ್ಲಿ ಕಂಡ ಪರದೆ ನೆನಪಿದೆಯಲ್ಲ. ಬೇರಿನ ಮೇಲೂ ಅವು ಗುಂಪುಗೂಡಿ, ತಾವೇ ತಯಾರಿಸಿದ ಅಂಟಿನೊಳಗೆ ಹುದುಗಿ, ಆಮ್ಲಜನಕ ಕಡಿಮೆಯಿರುವ ಮೂಲೆಯನ್ನು ಮಾಡಿಕೊಳ್ಳಬೇಕು. ಮಣ್ಣಿನಲ್ಲಿ ಅಮೋನಿಯಂ ಸಾಕಷ್ಟಿದ್ದರೆ ಈ ಕಿಣ್ವದ ಕೆಲಸವನ್ನೇ ಅವು ನಿಲ್ಲಿಸುತ್ತವೆ. ಯೂರಿಯಾ ಸುರಿದ ಹೊಲದಲ್ಲಿ ಗಾಳಿಯಿಂದ ಸಾರಜನಕ ಎಳೆಯುವ ಶ್ರಮ ಅವುಗಳಿಗೇಕೆ? ಹೊಲಗಳಲ್ಲಿ ಕಂಡುಬಂದ ಲಾಭದ ದೊಡ್ಡ ಪಾಲು ಬೇರೊಂದು ದಾರಿಯಿಂದ ಬಂದದ್ದು. ಬೇರಿಗೆ ಅಂಟಿದ ಅಜೋಸ್ಪಿರಿಲಂ ಇಂಡೋಲ್ ಅಸಿಟಿಕ್ ಆಮ್ಲವನ್ನು ತಯಾರಿಸುತ್ತದೆ. ಇದು ಗಿಡ ತನ್ನ ಬೆಳವಣಿಗೆಗೆ ತಾನೇ ಬಳಸುವ ಚೋದಕ. ಅದರ ಪ್ರಭಾವದಿಂದ ಕವಲು ಬೇರುಗಳು ಮತ್ತು ರೋಮಗಳು ಹೆಚ್ಚುತ್ತವೆ, ಬೇರು ನೀರನ್ನೂ ಪೋಷಕಾಂಶವನ್ನೂ ಹೆಚ್ಚು ಹೀರುತ್ತದೆ. ರೋಮಗಳು ಹೆಚ್ಚಿದಷ್ಟೂ ಬ್ಯಾಕ್ಟೀರಿಯಾಕ್ಕೆ ಕೂರಲು ಜಾಗವೂ ಹೆಚ್ಚು. ಈ ಚೋದಕ ಬೇರಿನಿಂದ ದೂರದಲ್ಲಿ ತಯಾರಾದರೆ ಮಣ್ಣಿನಲ್ಲೇ ಚದುರಿಹೋಗುತ್ತದೆ. ಹಾಗಾಗಿ ಇಲ್ಲಿಯೂ ಅಂಟಿಕೊಂಡಿರುವುದೇ ಮುಖ್ಯ.

ಲಾಭ ಎಷ್ಟು ಎಂದು ಕೇಳುವುದು ನಿಮ್ಮ ಹಕ್ಕು. ಪ್ರಪಂಚದ ಹಲವು ದೇಶಗಳ ಇಪ್ಪತ್ತು ವರ್ಷಗಳ ಹೊಲದ ಪ್ರಯೋಗಗಳನ್ನು ಓಕಾನ್ ಮತ್ತು ಲಬಾಂಡೆರಾ-ಗೊನ್ಸಾಲೆಸ್ ಎಂಬ ವಿಜ್ಞಾನಿಗಳು 1994ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಶೇಕಡಾ 60ರಿಂದ 70ರಷ್ಟು ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿತ್ತು, ಹೆಚ್ಚಳ ಶೇಕಡಾ 5ರಿಂದ 30ರವರೆಗೆ ಇತ್ತು. ಹಾಗೆಂದರೆ ಹತ್ತರಲ್ಲಿ ಮೂರು ನಾಲ್ಕು ಕಡೆ ಗಮನಾರ್ಹವಾದದ್ದೇನೂ ಆಗಲಿಲ್ಲ. ಗೊಬ್ಬರ ಮಾರುವವರು ಮೊದಲ ವಾಕ್ಯವನ್ನು ಮಾತ್ರ ಹೇಳುತ್ತಾರೆ, ಇಂಥ ಗೊಬ್ಬರವೆಲ್ಲ ಬೂದಿ ಎನ್ನುವವರು ಎರಡನೆಯದನ್ನು ಮಾತ್ರ ಹೇಳುತ್ತಾರೆ.

ರಾಗಿಯ ನಾಡಿನಲ್ಲಿ ನಿಂತು ರಾಗಿಯ ಬಗ್ಗೆ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಪೂರ್ವ ಆಫ್ರಿಕಾದ ಎತ್ತರದ ನಾಡುಗಳಿಂದ ಬಂದ ರಾಗಿಗೆ ಕೆಲವು ಶಿಲೀಂಧ್ರಗಳು ಅಷ್ಟಾಗಿ ಬಾಧೆ ಕೊಡುವುದಿಲ್ಲ ಎಂಬುದು ಅಲ್ಲಿನ ರೈತರಿಗೆ ಗೊತ್ತಿದ್ದ ವಿಚಾರ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಮನೀಶ್ ರಾಯ್‌ಜಾದಾ ಮತ್ತು ವಲಾ ಮೂಸಾ ಅವರ ತಂಡ ಇದಕ್ಕೆ ಒಂದು ಕಾರಣವನ್ನು ರಾಗಿಯ ಬೇರಿನೊಳಗೆ ಹುಡುಕಿ, 2016ರಲ್ಲಿ ಪ್ರಕಟಿಸಿತು. ರಾಗಿ ಬೇರಿನೊಳಗೆ ವಾಸಿಸುವ, ಎಂಟರೋಬ್ಯಾಕ್ಟರ್ ಕುಲಕ್ಕೆ ಸೇರಿದ ಎಂ6 ಎಂಬ ಬ್ಯಾಕ್ಟೀರಿಯಾ ಅವರಿಗೆ ಸಿಕ್ಕಿತು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಹತ್ತಿರ ಬಂದಾಗ ಈ ಎಂ6 ರೋಮಗಳಿರುವ ಭಾಗಕ್ಕೆ ಹೊರಟು, ಅಲ್ಲಿ ಗುಂಪುಗುಂಪಾಗಿ ಅಂಟಿಕೊಳ್ಳುತ್ತದೆ. ಆಗ ರೋಮಗಳು ಸಾಮಾನ್ಯವಾಗಿ ಇರುವಂತೆ ನೆಟ್ಟಗೆ ಹೊರಚಾಚದೆ, ಬಾಗಿ, ಒಂದರ ಪಕ್ಕ ಒಂದು ಒತ್ತಾಗಿ ಪದರ ಪದರವಾಗಿ ಬೆಳೆಯುತ್ತವೆ. ರೋಮಗಳ ಪದರ, ನಡುವೆ ಬ್ಯಾಕ್ಟೀರಿಯಾಗಳ ಪದರ. ಹೊಲದ ಸುತ್ತ ಮುಳ್ಳುಬೇಲಿಯನ್ನು ಒತ್ತೊತ್ತಾಗಿ ಹೆಣೆದಂತೆ. ಒಳಬರಲು ಹೋದ ಶಿಲೀಂಧ್ರ ಅದರಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ಬ್ಯಾಕ್ಟೀರಿಯಾ ಸ್ಥಳ ಹಿಡಿದು ನಿಲ್ಲುವುದೆಂದರೆ ಇಲ್ಲಿ ಅಕ್ಷರಶಃ ಕಾವಲು ನಿಲ್ಲುವುದು. ಇಂಡಿಯಾ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಈ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ತಳಿಗಳ ತೆನೆಯನ್ನು ನಾವು ಅಳೆದಷ್ಟು ಶ್ರದ್ಧೆಯಿಂದ ಬೇರಿನ ನಿವಾಸಿಗಳನ್ನು ಅಳೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಮೆಕ್ಕೆಜೋಳದ ವಿಚಾರವೂ ಸೋಜಿಗದ್ದೇ. ಮೆಕ್ಸಿಕೋದ ಸಿಯೆರಾ ಮಿಖೆ ಎಂಬ ಗುಡ್ಡಗಾಡಿನ ನಾಟಿ ತಳಿಯೊಂದು ನೆಲದಿಂದ ಮೇಲಿನ ಗೆಣ್ಣುಗಳಲ್ಲಿ ಬೇರು ಬಿಟ್ಟು, ಅದರಿಂದ ಲೋಟ ಹಿಡಿದು ತುಂಬಿಕೊಳ್ಳಬಹುದೇನೋ ಎನ್ನುವಷ್ಟು ಲೋಳೆ ಸುರಿಸುತ್ತದೆ. ಆ ಲೋಳೆಯೊಳಗಿನ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಸಕ್ಕರೆಯೂ ಇದೆ, ಆಮ್ಲಜನಕದಿಂದ ಮರೆಯೂ ಇದೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಪೈರು ತನ್ನ ಸಾರಜನಕದ ಶೇಕಡಾ 29ರಿಂದ 82ರಷ್ಟನ್ನು ಗಾಳಿಯಿಂದ ಪಡೆಯುತ್ತದೆ. ನಮ್ಮ ಹೊಲದ ಹೈಬ್ರಿಡ್ ಮೆಕ್ಕೆಜೋಳದಿಂದ ಅಂಥದ್ದನ್ನು ನಿರೀಕ್ಷಿಸಬೇಡಿ.

ಈಗ ಪೊಟ್ಟಣಕ್ಕೆ ಬರೋಣ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಜೈವಿಕ ಗೊಬ್ಬರಗಳು 2006ರಲ್ಲಿ ಬಂದವು. ಅದರಂತೆ ಪುಡಿ ರೂಪದ ಅಜೋಸ್ಪಿರಿಲಂನ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾಗಳು, ದ್ರವರೂಪದ ಪ್ರತಿ ಮಿಲಿಲೀಟರಿನಲ್ಲಿ 10 ಕೋಟಿ ಇರಬೇಕು. 200 ಗ್ರಾಂ ಪೊಟ್ಟಣ ಎಂದರೆ 1,000 ಕೋಟಿ. ಎಕರೆಗೆ 5 ಕಿಲೋ ರಾಗಿ ಬಿತ್ತಿದರೆ, ಸಾವಿರ ಕಾಳಿಗೆ 3 ಗ್ರಾಂ ತೂಕದ ಲೆಕ್ಕದಲ್ಲಿ ಸುಮಾರು 17 ಲಕ್ಷ ಕಾಳು. ಭಾಗಿಸಿ ನೋಡಿ, ಒಂದು ಕಾಳಿಗೆ ಸುಮಾರು 6,000 ಬ್ಯಾಕ್ಟೀರಿಯಾಗಳು ಬರುತ್ತವೆ. ಇದು ಪೊಟ್ಟಣ ಕಟ್ಟಿದ ದಿನದ ಲೆಕ್ಕ, ಹಚ್ಚಿದ್ದೆಲ್ಲ ಉಳಿಯುತ್ತದೆ ಎಂಬ ಉದಾರ ಲೆಕ್ಕ. ಕಾಳಿನ ಮೇಲೆ ಒಣಗುವಾಗ ಒಂದಷ್ಟು ಸಾಯುತ್ತವೆ, ಬಿಸಿಲಿಗೆ ಒಂದಷ್ಟು, ಮಣ್ಣಿನಲ್ಲಿ ಮೊದಲೇ ಬೀಡುಬಿಟ್ಟವರ ಪೈಪೋಟಿಯಲ್ಲಿ ಇನ್ನಷ್ಟು. ಕಾಳು ಮೊಳೆತು ಬೇರು ಬರುವ ಹೊತ್ತಿಗೆ ಉಳಿದವುಗಳೇ ಬೇರಿಗೆ ಹತ್ತಬೇಕು. ಪೊಟ್ಟಣದ ಮೇಲಿನ ತಯಾರಿಕೆಯ ತಾರೀಖನ್ನು ಓದಿ ಕೊಳ್ಳಿ ಎಂದು ನಾನು ಪೀಡಿಸುವುದು ಇದಕ್ಕೇ.

ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅರಸೀಕೆರೆ ಕಡೆಯ ಹಳ್ಳಿಯೊಂದಕ್ಕೆ ಪ್ರಾತ್ಯಕ್ಷಿಕೆಗೆಂದು ಹೋಗಿದ್ದೆ. ಪೊಟ್ಟಣಗಳ ಚೀಲವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು, ಊರವರು ಸೇರುವವರೆಗೆ ಭಾಷಣದ ತಯಾರಿಯಲ್ಲಿದ್ದೆ. ಎರಡು ಗಂಟೆಯ ಬಿಸಿಲು ಮೇಲಿನಿಂದ, ಎಂಜಿನ್ನಿನ ಕಾವು ಕೆಳಗಿನಿಂದ. ಆ ಮೇಲೆ ಬೀಜಕ್ಕೆ ಹಚ್ಚಿ ಬಿತ್ತಿಸಿದೆವು. ಹಚ್ಚಿದ ಸಾಲಿಗೂ ಹಚ್ಚದ ಸಾಲಿಗೂ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಹೊಲದ ಯಜಮಾನರ ತಾಯಿ ಪೈರನ್ನು ನೋಡಿ, ‘ನೀವು ತಂದದ್ದು ಇದ್ದಿಲ ಪುಡಿಯೋ ಏನು ಸ್ವಾಮಿ’ ಎಂದು ಕೇಳಿದರು. ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು: ಪೊಟ್ಟಣದಲ್ಲಿ ಬ್ಯಾಕ್ಟೀರಿಯಾವನ್ನು ಬೆರೆಸಿಟ್ಟ ಕಪ್ಪು ಪುಡಿ ಲಿಗ್ನೈಟ್, ಅದು ಕಲ್ಲಿದ್ದಲಿನದೇ ಒಂದು ಬಗೆ, ಅದರೊಳಗಿನ ಜೀವ ಹೋದ ಮೇಲೆ ಉಳಿದದ್ದು ಇದ್ದಿಲ ಪುಡಿಯೇ.

ಬೀಜೋಪಚಾರದಲ್ಲಿ ಬೆಲ್ಲದ ನೀರನ್ನೋ ಅಕ್ಕಿ ಗಂಜಿಯನ್ನೋ ಬಳಸುತ್ತೀರಲ್ಲ, ಅದು ಬ್ಯಾಕ್ಟೀರಿಯಾವನ್ನು ಕಾಳಿಗೆ ಹಿಡಿಸುವ ನಮ್ಮ ಅಂಟು. ಬೇರಿಗೆ ಹಿಡಿಯುವ ಅಂಟನ್ನು ಅದು ತಾನೇ ತಯಾರಿಸಿಕೊಳ್ಳಬೇಕು. ಬೆಲ್ಲದ ನೀರನ್ನು ಕುದಿಸಿದರೆ ಪೂರ್ತಿ ಆರಿಸಿ, ಕಾಳಿಗೆ ಹಚ್ಚಿದ ಮೇಲೆ ನೆರಳಿನಲ್ಲಿ ಹರಡಿ, ಅಂದೇ ಬಿತ್ತಿ. ಬೀಜವನ್ನು ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಸಾಲಿಗೆ ಬಿಡುವ ರೂಢಿ ಇರುವವರು ಅದನ್ನು ಬಿಡಬೇಡಿ. ಗೊಬ್ಬರದ ಪುಡಿ ತೇವವನ್ನು ಹಿಡಿದಿಡುತ್ತದೆ, ಆ ತೇವದಲ್ಲಿ ಬ್ಯಾಕ್ಟೀರಿಯಾಕ್ಕೆ ಈಜುವ ದಾರಿ ಉಳಿಯುತ್ತದೆ. ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೆ ಅದೇ ಗಳಿಗೆಯಲ್ಲಿ ಜೈವಿಕ ಗೊಬ್ಬರ ಬಳಿಯುವುದು, ಯೂರಿಯಾ ಚೀಲದಲ್ಲಿ ಎರಡನ್ನೂ ಸೇರಿಸಿ ಕಲಸುವುದು, ಇವು ಮಾಡಬಾರದ ಕೆಲಸಗಳು ಎಂದು ಹೆಚ್ಚು ಹೇಳಬೇಕಾಗಿಲ್ಲ.

ನಾಟಿಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎರಡು ಹಂತಗಳ ತಿಳಿವಳಿಕೆ ನೇರವಾಗಿ ಉಪಯೋಗಕ್ಕೆ ಬರುವುದು ಅಲ್ಲಿ. ಒಟ್ಲಿನಿಂದ ಕಿತ್ತ ಭತ್ತದ ಅಥವಾ ರಾಗಿಯ ಸಸಿಯ ಬೇರನ್ನು ಅಜೋಸ್ಪಿರಿಲಂ ಕಲಸಿದ ನೀರಿನಲ್ಲಿ ಹದಿನೈದು ನಿಮಿಷದಿಂದ ಅರ್ಧ ಗಂಟೆ ಅದ್ದಿಡಲು ಹೇಳುತ್ತಾರೆ. ಆ ಅರ್ಧ ಗಂಟೆಯಲ್ಲಿ ನಡೆಯುವುದು ಮೊದಲ ಹಂತದ ಒಂದು ಭಾಗ ಮಾತ್ರ, ಕಂಬಿ ಹಿಡಿಯುವ ಕೆಲಸ. ಮೂಟೆ ಕಟ್ಟುವ ಕೆಲಸವೆಲ್ಲ ಗದ್ದೆಯಲ್ಲೇ ಆಗಬೇಕು. ಅಂಥ ಹೊತ್ತಿನಲ್ಲಿ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಭರದಿಂದ ಹರಿಯುತ್ತಿದ್ದರೆ, ಹಿಡಿತ ಸಡಿಲವಿರುವ ಎಷ್ಟೋ ಬ್ಯಾಕ್ಟೀರಿಯಾಗಳು ನೆರೆಯವರ ಗದ್ದೆಗೆ ಹೋಗುತ್ತವೆ. ನೆರೆಯವರಿಗೆ ಉಪಕಾರವಾಯಿತು ಎನ್ನಬಹುದು, ಆದರೆ ಪೊಟ್ಟಣಕ್ಕೆ ದುಡ್ಡು ಕೊಟ್ಟವರು ನೀವು. ಆದ್ದರಿಂದ ನನ್ನ ಸಲಹೆ ಇಷ್ಟು: ಅದ್ದುವುದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಸಿಕ್ಕರೆ ಕೊಡಿ, ಬಿಸಿಲಿನಲ್ಲಿ ಬೇಡ, ಮತ್ತು ನಾಟಿಯಾದ ಮೊದಲ ದಿನ ಬದುವಿನ ಬಾಯಿ ಕಟ್ಟಿ ನೀರನ್ನು ತೆಳ್ಳಗೆ ನಿಲ್ಲಿಸಿ. ಸಂಜೆ ನಾಟಿ ಮುಗಿಸಿದ ಗದ್ದೆಗೆ ಬೆಳಗಾಗುವ ಹೊತ್ತಿಗೆ ಆ ಹತ್ತು ಹನ್ನೆರಡು ಗಂಟೆ ಸಿಕ್ಕಿರುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದವರು ಇಲ್ಲಿದ್ದೀರಿ. ನಿಮ್ಮ ಮಣ್ಣು ಮಳೆಯಲ್ಲಿ ತೊಳೆದು ತೊಳೆದು ಹುಳಿಯಾಗಿದೆ, ಕ್ಯಾಲ್ಸಿಯಂ ಕೊಚ್ಚಿಹೋಗಿದೆ. ತೋಟಕ್ಕೆ ಸುಣ್ಣ ಹಾಕುವುದನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ, ಆದರೆ ತೋಟದ ಕೆಳಗಿನ ಭತ್ತದ ಗದ್ದೆಗೆ ಹಾಕುವವರು ಕಡಿಮೆ. ಹುಳಿ ಮಣ್ಣಿನಲ್ಲಿ ಅಜೋಸ್ಪಿರಿಲಂ ಸೊರಗುತ್ತದೆ. ಬೇರಿಗೂ ಬ್ಯಾಕ್ಟೀರಿಯಾಕ್ಕೂ ನಡುವೆ ಸೇತುವೆಯಾಗಬಲ್ಲ ಕ್ಯಾಲ್ಸಿಯಂ ಕೂಡ ಅಲ್ಲಿ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ (ಪಿಎಚ್) ಐದೂವರೆಗಿಂತ ಕೆಳಗಿದ್ದರೆ ಮೊದಲು ಸುಣ್ಣಕ್ಕೆ ಖರ್ಚು ಮಾಡಿ, ಪೊಟ್ಟಣ ಆಮೇಲೆ ಕೊಳ್ಳಿ.

ಒಮ್ಮೆ ಹಾಕಿದರೆ ಮುಂದಿನ ವರ್ಷಕ್ಕೂ ಉಳಿಯುವುದಿಲ್ಲವೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳುಹಿಸಿದ್ದಾರೆ. ನೆಚ್ಚಿಕೊಳ್ಳುವಷ್ಟು ಉಳಿಯುವುದಿಲ್ಲ. ಪೈರು ಕೊಯ್ದ ಮೇಲೆ ಬೇರು ಸಾಯುತ್ತದೆ, ರಸ ಒಸರುವುದು ನಿಲ್ಲುತ್ತದೆ. ಬೇರಿಲ್ಲದ ಬರಿ ಮಣ್ಣಿನಲ್ಲಿ ಅಜೋಸ್ಪಿರಿಲಂ ಸಂಖ್ಯೆ ಬೇಗ ಇಳಿಯುತ್ತದೆ. ಕೆಲವು ಗಟ್ಟಿ ಕವಚ ತೊಟ್ಟು, ಮೈಯಲ್ಲಿ ಕೂಡಿಟ್ಟ ಕೊಬ್ಬಿನಂಥ ವಸ್ತುವನ್ನು ಕರಗಿಸಿಕೊಳ್ಳುತ್ತ ಬೇಸಿಗೆ ಕಳೆಯಬಲ್ಲವು, ಆದರೆ ಅವುಗಳ ಸಂಖ್ಯೆಯನ್ನು ನಂಬಿ ಬಿತ್ತುವಂತಿಲ್ಲ. ಪ್ರತಿ ಬಿತ್ತನೆಗೂ ಹೊಸದಾಗಿ ಹಚ್ಚಬೇಕು.

ಹಚ್ಚಿದ್ದು ಹತ್ತಿತೋ ಇಲ್ಲವೋ ಎಂದು ನೋಡಲು ಸೂಕ್ಷ್ಮದರ್ಶಕವಿಲ್ಲದ ನಮಗೆ ನೇರ ದಾರಿಯಿಲ್ಲ, ಒಂದು ಸುತ್ತು ದಾರಿ ಇದೆ. ಬಿತ್ತುವಾಗ ಹೊಲದ ನಡುವೆ ನಾಲ್ಕು ಸಾಲನ್ನು ಹಚ್ಚದ ಬೀಜಕ್ಕೆಂದು ಬಿಡಿ, ಬದುವಿನ ಪಕ್ಕ ಬೇಡ, ಅಲ್ಲಿ ಮಣ್ಣೇ ಬೇರೆಯಿರುತ್ತದೆ. ಎಲೆಯ ಬಣ್ಣವನ್ನು ನೋಡಿ ತೀರ್ಮಾನಿಸಬೇಡಿ; ವ್ಯತ್ಯಾಸ ಬರುವುದಾದರೆ ಅದು ಎಲೆಗಿಂತ ಮೊದಲು ಬೇರಿನಲ್ಲಿ ಬರುತ್ತದೆ. ಇಪ್ಪತ್ತನೆಯ ದಿನ ಮಳೆ ಬಿಟ್ಟ ಮೇಲೆ, ಎರಡೂ ಕಡೆಯಿಂದ ಹತ್ತು ಹತ್ತು ಪೈರನ್ನು ಎಳೆಯದೆ, ಕುರ್ಚಿಗೆಯಿಂದ ಬುಡ ಬಿಡಿಸಿ ಎತ್ತಿ. ಇಲ್ಲಿ ನಾನು ಮಾಡಿದಂತೆ ಎರಡು ಸಲ ಕೊಡವಿ, ಉಳಿದ ಮಣ್ಣಿನ ಒರೆ ಯಾವುದರಲ್ಲಿ ದಪ್ಪಗಿದೆ ಎಂದು ನೋಡಿ. ಆಮೇಲೆ ಬಿಳಿ ತಟ್ಟೆಯ ನೀರಿನಲ್ಲಿ ತೊಳೆದು ಕವಲು ಬೇರುಗಳನ್ನು ಎಣಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಮೇಜಿನ ಮೇಲಿನ ಈ ಪೈರಿನಲ್ಲಿ ಮುಖ್ಯ ಬೇರುಗಳು ಏಳು ಇವೆ, ಕವಲುಗಳನ್ನು ನಾನಿನ್ನೂ ಎಣಿಸಿಲ್ಲ. ಕಣ್ಣು ಚುರುಕಾಗಿರುವ ವಿದ್ಯಾರ್ಥಿಗಳು ಇಬ್ಬರು ಮುಂದೆ ಬಂದರೆ ಎಣಿಸಿಬಿಡೋಣ.